ಕಾಲಡಿಯ ಬಿಸಿ: ಚಳಿನಾಡಿನ ಮನೆಗೆ ಫ್ಲೋರ್ ಹೀಟಿಂಗ್ ಹಾಕಿಸುವವರಿಗೆ ಒಂದು ಮಾರ್ಗದರ್ಶಿ

ಜರ್ಮನಿ, ನೆದರ್‌ಲೆಂಡ್ಸ್, ಬ್ರಿಟನ್, ಕೆನಡಾಗಳಲ್ಲಿ ನೆಲೆಸಿ ಅಲ್ಲಿಯೇ ಮನೆ ಕೊಳ್ಳುವ ಅಥವಾ ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ಕನ್ನಡಿಗ ಓದುಗರಿಂದ ಪ್ರತಿ ಚಳಿಗಾಲದಲ್ಲೂ ಒಂದೇ ಪ್ರಶ್ನೆ ಬರುತ್ತದೆ. ಗೋಡೆಗೆ ಬಿಸಿನೀರು ಹರಿಯುವ ರೇಡಿಯೇಟರ್ ಇದ್ದರೆ ಸಾಕೇ, ಅಥವಾ ನೆಲದಡಿ ಬಿಸಿನೀರಿನ ಕೊಳವೆ ಹಾಯಿಸುವ ಫ್ಲೋರ್ ಹೀಟಿಂಗ್‌ಗೆ ಹೆಚ್ಚಿನ ಹಣ ಹಾಕುವುದು ಸಾರ್ಥಕವೇ? ಈ ಲೇಖನ ಆ ಓದುಗರಿಗಾಗಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಇದರ ಅಗತ್ಯವಿಲ್ಲ. ಅಲ್ಲಿ ಕಿಟಕಿಯ ಸಂದು ಮುಚ್ಚಿ ಕಂಬಳಿ ಹೊದ್ದರೆ ಸಾಕು. ಹೊರಗಿನ ಉಷ್ಣಾಂಶ ತಿಂಗಳುಗಟ್ಟಲೆ ಸೊನ್ನೆಯ ಆಸುಪಾಸಿನಲ್ಲಿರುವ ಊರುಗಳಲ್ಲಿ ಮಾತ್ರ ಈ ಖರ್ಚಿಗೆ ಅರ್ಥವಿದೆ.

ಫ್ಲೋರ್ ಹೀಟಿಂಗ್ ಹಾಕಿಸಿ ನಿರಾಶರಾಗುವವರು ಸಾಮಾನ್ಯವಾಗಿ ಅದನ್ನು ಗಾಳಿ ಬಿಸಿಮಾಡುವ ಯಂತ್ರವೆಂದು ತಿಳಿದಿರುತ್ತಾರೆ. ಕೋಣೆಯಲ್ಲಿ ನಮಗೆ ಬೆಚ್ಚಗೆನಿಸುವುದು ಗಾಳಿಯಿಂದ ಮಾತ್ರವಲ್ಲ, ಸುತ್ತಲಿನ ನೆಲ, ಗೋಡೆ, ಗಾಜು, ಸೂರುಗಳ ಬಿಸಿಯಿಂದಲೂ. ಇದಿಷ್ಟು ಮನದಟ್ಟಾದರೆ ಮುಂದೆ ಹೇಳುವ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮಗೇ ಹೊಳೆಯುತ್ತವೆ.

ವಿಕಿರಣ ಶಾಖ ಎಂದರೇನು?

ಶಾಖ ಸಾಗುವ ದಾರಿಗಳು ಮೂರು. ಮುಟ್ಟಿದ ವಸ್ತುವಿನಿಂದ ನೇರವಾಗಿ ಹರಿದರೆ ವಹನ. ಬಿಸಿಯಾದ ಗಾಳಿಯೋ ನೀರೋ ಚಲಿಸುತ್ತ ಅದನ್ನು ಹೊತ್ತೊಯ್ದರೆ ಸಂವಹನ. ನಡುವಿನ ಗಾಳಿಯ ಹಂಗಿಲ್ಲದೆ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ತಲುಪಿದರೆ ವಿಕಿರಣ. ಮಲೆನಾಡಿನ ಚಳಿಯಲ್ಲಿ ಮುಂಜಾನೆ ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತವರಿಗೆ ಮುಖವೂ ಮೊಣಕಾಲೂ ಕಾದು, ಬೆನ್ನು ಮಾತ್ರ ತಣ್ಣಗೇ ಉಳಿಯುವುದು ವಿಕಿರಣದ ಲಕ್ಷಣ. ಸುತ್ತಲಿನ ಗಾಳಿ ಒಂದೇ. ಒಲೆಯ ಕಡೆ ಮುಖ ಮಾಡಿದ ಭಾಗ ಮಾತ್ರ ಬಿಸಿಯಾಗುತ್ತದೆ. ಈ ಕಿರಣಗಳನ್ನು 1800ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಮಾಡಿದವನು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್. ಅವನು ಪಟ್ಟಕದಿಂದ ಬಿಡಿಸಿದ ಬಿಸಿಲಿನ ಬಣ್ಣಗಳಲ್ಲಿ ಕೆಂಪಿನ ಆಚೆ, ಬೆಳಕೇ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದರ ಪಾದರಸ ಏರಿತು.

ಮನೆಗೆ ಇದು ಅನ್ವಯಿಸುವುದು ಹೀಗೆ. ನಮ್ಮ ದೇಹ ಗ್ರಹಿಸುವ ಉಷ್ಣಾಂಶವು ಹೆಚ್ಚುಕಡಿಮೆ ಗಾಳಿಯ ಉಷ್ಣಾಂಶ ಮತ್ತು ಸುತ್ತಲಿನ ಮೇಲ್ಮೈಗಳ ಸರಾಸರಿ ಉಷ್ಣಾಂಶ ಇವೆರಡರ ನಡುವಿನ ಬೆಲೆ. ಗಾಳಿ 21 ಡಿಗ್ರಿ ಸೆಲ್ಸಿಯಸ್ ಇದ್ದು ಗೋಡೆ, ಗಾಜುಗಳ ಸರಾಸರಿ 13 ಡಿಗ್ರಿ ಇದ್ದರೆ ನಮಗೆ 17ರಷ್ಟೇ ಅನ್ನಿಸುತ್ತದೆ. ಕೋಣೆಯ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ 21 ತೋರಿಸುತ್ತಿದ್ದರೂ ಸ್ವೆಟರ್ ಬಿಚ್ಚಲು ಮನಸ್ಸಾಗುವುದಿಲ್ಲ. ಅದೇ ಗಾಳಿ 19 ಇದ್ದು ಮೇಲ್ಮೈಗಳು 21 ಇದ್ದರೆ 20 ಡಿಗ್ರಿಯ ಸುಖ ಸಿಗುತ್ತದೆ. ವಿಕಿರಣ ಶಾಖದ ಮುಖ್ಯ ಲಾಭ ಇದೇ. ಜೊತೆಗೆ ಬಿಸಿ ಗಾಳಿ ಸೂರಿಗೇರಿ ಕಾಲಬುಡ ತಣ್ಣಗಾಗುವುದಿಲ್ಲ, ಧೂಳು ಅಷ್ಟಾಗಿ ಏಳುವುದಿಲ್ಲ, ಸದ್ದಿಲ್ಲ, ಗೋಡೆಯ ಜಾಗವೂ ಉಳಿಯುತ್ತದೆ.

ಒಂದು ಮಾತನ್ನು ಮಾರಾಟಗಾರರು ಹೇಳುವುದಿಲ್ಲ. ಬೆಚ್ಚನೆಯ ನೆಲ ಕೊಡುವ ಶಾಖದಲ್ಲಿ ವಿಕಿರಣದ ಪಾಲು ಸುಮಾರು ಅರ್ಧ. ಉಳಿದದ್ದು ಗಾಳಿಗೇ ಹೋಗುತ್ತದೆ. ಇನ್ನು ರೇಡಿಯೇಟರ್ ಎಂಬುದು ಹೆಸರಿಗಷ್ಟೇ ವಿಕಿರಣದ್ದು. ಅದರ ಹೆಚ್ಚಿನ ಶಾಖ ಸಂವಹನದಿಂದಲೇ ಹರಡುತ್ತದೆ.

ಹಿಂದಿನವರು ಕಲಿಸಿದ್ದು

ನೆಲವನ್ನೇ ಕಾಯಿಸುವ ಉಪಾಯ ಹೊಸದೇನಲ್ಲ. ರೋಮನ್ನರ ಸ್ನಾನಗೃಹಗಳಲ್ಲಿ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲವನ್ನು ಎತ್ತಿ ಕಟ್ಟಿ, ಅದರಡಿಯ ಪೊಳ್ಳಿನಲ್ಲಿ ಬೆಂಕಿಯ ಬಿಸಿಗಾಳಿಯನ್ನು ಹರಿಸುತ್ತಿದ್ದರು. ಹೈಪೋಕಾಸ್ಟ್ ಎಂಬ ಈ ವ್ಯವಸ್ಥೆಯನ್ನು ವಿವರಿಸಿದ ವಾಸ್ತುಶಿಲ್ಪಿ ವಿಟ್ರೂವಿಯಸ್, ಕಂಬಗಳು 2 ಅಡಿ ಎತ್ತರವಿರಲಿ, ಅಡಿಯ ನೆಲ ಒಲೆಯ ಕಡೆಗೆ ಇಳಿಜಾರಾಗಿರಲಿ, ಎಷ್ಟೆಂದರೆ ಒಳಗೆ ಎಸೆದ ಚೆಂಡು ನಿಲ್ಲದೆ ತಾನಾಗಿ ಒಲೆಯ ಬಾಯಿಗೆ ಉರುಳಿ ಬರಬೇಕು ಎಂದು ಬರೆದಿದ್ದಾನೆ. ಶ್ರೀನಗರದ ಮಸೀದಿಗಳಲ್ಲೂ ಅನುಕೂಲಸ್ಥರ ಮನೆಗಳಲ್ಲೂ ಇರುವ ಹಮಾಮ್ ಇದೇ ತತ್ತ್ವದ್ದು: ಕಲ್ಲುಚಪ್ಪಡಿಯ ನೆಲದಡಿ ಸೌದೆ ಉರಿಯುತ್ತದೆ, ಜನ ಮೇಲೆ ಕುಳಿತು ಮೈ ಕಾಯಿಸಿಕೊಳ್ಳುತ್ತಾರೆ.

ಈ ವಿದ್ಯೆಯನ್ನು ನಿತ್ಯಜೀವನದ ಭಾಗವಾಗಿ ಉಳಿಸಿಕೊಂಡವರು ಕೊರಿಯನ್ನರು. ಅವರ ಓಂಡೋಲ್‌ನಲ್ಲಿ ಅಡುಗೆ ಒಲೆಯ ಹೊಗೆಯೂ ಬಿಸಿಯೂ ಹೊರಗೆ ಹೋಗುವ ಮುನ್ನ ಕೋಣೆಯ ಕಲ್ಲುಹಾಸಿನಡಿ ಹಾದುಹೋಗುತ್ತಿತ್ತು. ಕಲ್ಲಿನ ಮೇಲೆ ಮಣ್ಣು, ಅದರ ಮೇಲೆ ಎಣ್ಣೆ ಹಚ್ಚಿದ ಕಾಗದ. ಒಲೆಗೆ ಹತ್ತಿರದ, ಹೆಚ್ಚು ಬಿಸಿಯ ಜಾಗ ಮನೆಯ ಹಿರಿಯರಿಗೆ ಅಥವಾ ಅತಿಥಿಗೆ ಮೀಸಲು. ಕಲ್ಲಿದ್ದಲಿನ ಉಂಡೆಗಳನ್ನು ಉರಿಸತೊಡಗಿದ ಮೇಲೆ ನೆಲದ ಬಿರುಕುಗಳಿಂದ ಕಾರ್ಬನ್ ಮೊನಾಕ್ಸೈಡ್ ಸೋರಿ ಅನೇಕರು ನಿದ್ದೆಯಲ್ಲೇ ಸತ್ತರು. ಇಂದು ಅಲ್ಲಿನ ಗಗನಚುಂಬಿ ಅಪಾರ್ಟ್‌ಮೆಂಟ್‌ಗಳಲ್ಲೂ ನೆಲವೇ ಬಿಸಿ, ಆದರೆ ಹೊಗೆಯ ಬದಲು ಬಿಸಿನೀರು ಹರಿಯುತ್ತದೆ.

ಯುರೋಪ್ ಬಹುಕಾಲ ಅಗ್ಗಿಷ್ಟಿಕೆಯನ್ನೇ ನೆಚ್ಚಿಕೊಂಡಿತ್ತು. ಅದರ ಬಿಸಿಯಲ್ಲಿ ಬಹುಪಾಲು ಚಿಮಣಿಯ ಪಾಲಾಗುತ್ತಿತ್ತು. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಅಗ್ಗಿಷ್ಟಿಕೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಕಿರಣಗಳು ಕೋಣೆಯ ಕಡೆ ಹೊರಳುವಂತೆ ಮಾಡಿದ. ಸ್ವೀಡನ್ನಿನಲ್ಲಿ 1767ರಲ್ಲಿ ಕ್ರೋನ್‌ಸ್ಟೆಟ್ ಮತ್ತು ವ್ರೆಡೆ ಸುಧಾರಿಸಿದ ಹೆಂಚಿನ ಒಲೆಯಲ್ಲಿ ಹೊಗೆ ಮೇಲಕ್ಕೂ ಕೆಳಕ್ಕೂ ಸುತ್ತಿ ಹೋಗುತ್ತಿದ್ದುದರಿಂದ, ಸ್ವಲ್ಪವೇ ಸೌದೆಗೆ ಅದರ ಮೈ ಗಂಟೆಗಟ್ಟಲೆ ಬೆಚ್ಚಗಿರುತ್ತಿತ್ತು. ಆಮೇಲೆ ಬಂದದ್ದು ರೇಡಿಯೇಟರ್. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಉದ್ಯಮಿ ಫ್ರಾಂಜ್ ಸ್ಯಾನ್ ಗಲ್ಲಿ ಅದನ್ನು ರೂಪಿಸಿದ.

ನಿಮಗೆ ನೇರವಾಗಿ ಬೇಕಾದ ಇತಿಹಾಸ ಇಪ್ಪತ್ತನೆಯ ಶತಮಾನದ್ದು. ಜಪಾನಿನಲ್ಲಿ ಓಂಡೋಲ್ ಮಾದರಿಯ ಕೋಣೆಯನ್ನು ಕಂಡು ಮೆಚ್ಚಿದ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಕಟ್ಟಿದ ಜೇಕಬ್ಸ್ ಮನೆಯ ನೆಲದಡಿ ಕೊಳವೆಗಳನ್ನು ಹಾಕಿಸಿದ. 1947ರಿಂದ ನ್ಯೂಯಾರ್ಕ್ ಬಳಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಎದ್ದ ಲೆವಿಟೌನ್ ಮನೆಗಳ ಕಾಂಕ್ರೀಟ್ ನೆಲದಲ್ಲಿ ತಾಮ್ರದ ಕೊಳವೆಗಳಿದ್ದವು. ದಶಕಗಳ ನಂತರ ಅವು ಸೋರತೊಡಗಿದಾಗ ನೆಲ ಒಡೆಯುವುದಕ್ಕಿಂತ ಬೇರೆ ಹೀಟರ್ ಹಾಕಿಸುವುದೇ ಲೇಸೆಂದು ಅನೇಕರು ಅದನ್ನು ಕೈಬಿಟ್ಟರು. 1968ರಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ರೂಪಿಸಿದ ಪೆಕ್ಸ್ ಎಂಬ ಪ್ಲಾಸ್ಟಿಕ್ ಕೊಳವೆ ಆ ಭಯವನ್ನು ಬಹುಮಟ್ಟಿಗೆ ಕಳೆಯಿತು: ಅದು ತುಕ್ಕು ಹಿಡಿಯುವುದಿಲ್ಲ, ಬಾಗುತ್ತದೆ, ನೆಲದೊಳಗೆ ಒಂದೂ ಜೋಡಣೆಯಿಲ್ಲದೆ ಉದ್ದಕ್ಕೆ ಹಾಸಬಹುದು.

ಹಂತ 1: ಮನೆ ಎಷ್ಟು ಶಾಖ ಕಳೆದುಕೊಳ್ಳುತ್ತಿದೆ ಎಂದು ಲೆಕ್ಕ ಹಾಕಿಸಿ

ಕೊಳವೆಯ ಬೆಲೆ ಕೇಳುವ ಮುನ್ನ ಇದಾಗಬೇಕು. ಪ್ರತಿ ಕೋಣೆಯ ಗೋಡೆ, ಕಿಟಕಿ, ಸೂರುಗಳ ಮೂಲಕ ಅತಿ ಚಳಿಯ ದಿನ ಎಷ್ಟು ವ್ಯಾಟ್ ಹೊರಹೋಗುತ್ತದೆ ಎಂಬ ಲೆಕ್ಕಕ್ಕೆ ಶಾಖನಷ್ಟದ ಲೆಕ್ಕ ಎನ್ನುತ್ತಾರೆ. ಅರ್ಹ ಹೀಟಿಂಗ್ ಎಂಜಿನಿಯರ್ ಇದನ್ನು ಬರಹದಲ್ಲಿ ಕೊಡಬೇಕು.

ಏಕೆಂದರೆ ನೆಲವನ್ನು ಬೇಕಾದಷ್ಟು ಕಾಯಿಸಲು ಬರುವುದಿಲ್ಲ. ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ಮೀರಬಾರದೆಂದು ಯುರೋಪಿನ ಇಎನ್ 1264 ಮಾನದಂಡ ಹೇಳುತ್ತದೆ. ಬಚ್ಚಲುಮನೆಯಲ್ಲಿ 33, ಹೊರಗೋಡೆಯ ಅಂಚಿನ ಪಟ್ಟಿಯಲ್ಲಿ 35ರವರೆಗೆ ಅನುಮತಿಯಿದೆ. ಗೋಡೆಗಳಿಗೆ ಚಳಿಯಿಂದ ರಕ್ಷಣೆಯೇ ಇಲ್ಲದ ಹಿಂದಿನ ಕಾಲದ ಮನೆಗಳಲ್ಲಿ ನೆಲವನ್ನು ವಿಪರೀತ ಕಾಯಿಸಿ, ನಿವಾಸಿಗಳು ಕಾಲು ಭಾರ, ಊತ ಎಂದು ದೂರಿದ ಅನುಭವ ಈ ಮಿತಿಯ ಹಿಂದಿದೆ. ನೆಲ ಕೋಣೆಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 11 ವ್ಯಾಟ್ ಕೊಡುತ್ತದೆ. ಹಾಗಾಗಿ 20 ಡಿಗ್ರಿಯ ಕೋಣೆಯಲ್ಲಿ 29 ಡಿಗ್ರಿಯ ನೆಲದಿಂದ ಸಿಗುವುದು ಚದರ ಮೀಟರಿಗೆ 100 ವ್ಯಾಟ್ ಮಾತ್ರ.

20 ಚದರ ಮೀಟರಿನ ಹಾಲ್ 1,200 ವ್ಯಾಟ್ ಕಳೆದುಕೊಳ್ಳುತ್ತಿದ್ದರೆ ಚದರ ಮೀಟರಿಗೆ 60 ವ್ಯಾಟ್ ಬೇಕು. ನೆಲ 25–26 ಡಿಗ್ರಿ ಇದ್ದರೆ ಸಾಕು. ಅದೇ ಹಾಲ್ ಹಳೆಯ ಕಟ್ಟಡದ್ದಾಗಿ 2,800 ವ್ಯಾಟ್ ಕಳೆದುಕೊಳ್ಳುತ್ತಿದ್ದರೆ ಚದರ ಮೀಟರಿಗೆ 140 ವ್ಯಾಟ್ ಬೇಕಾಗುತ್ತದೆ. ನೆಲ ಒಂದರಿಂದಲೇ ಅದು ಆಗದ ಮಾತು. ಅಂಥ ಮನೆಯಲ್ಲಿ ಮೊದಲು ಕಿಟಕಿ, ಗೋಡೆ, ಅಟ್ಟಗಳಿಗೆ ಉಷ್ಣನಿರೋಧಕ ಪದರ, ಅಂದರೆ ಇನ್ಸುಲೇಷನ್ ಮಾಡಿಸಿ. ಅಡುಗೆಮನೆಯ ಕಪಾಟು, ಗೋಡೆಗೆ ಕೂರಿಸಿದ ವಾರ್ಡ್‌ರೋಬ್‌ಗಳ ಅಡಿಯ ನೆಲವನ್ನು ಲೆಕ್ಕದಿಂದ ಕಳೆಯಲು ಮರೆಯಬೇಡಿ.

ಹಂತ 2: ನೀರೋ ವಿದ್ಯುತ್ತೋ ನಿರ್ಧರಿಸಿ

ಇಡೀ ಮನೆಗೆ ನೀರಿನ ವ್ಯವಸ್ಥೆಯೇ ಸರಿ. ರೇಡಿಯೇಟರ್‌ಗೆ ಸಾಮಾನ್ಯವಾಗಿ 55ರಿಂದ 70 ಡಿಗ್ರಿಯ ನೀರು ಬೇಕಾದರೆ ನೆಲಕ್ಕೆ 30ರಿಂದ 45 ಡಿಗ್ರಿಯದು ಸಾಕು. ಹೊರಗಿನ ಗಾಳಿಯಿಂದಲೋ ಮಣ್ಣಿನಿಂದಲೋ ಶಾಖ ಎಳೆದು ತರುವ ಹೀಟ್ ಪಂಪ್‌ಗೆ ಇದು ಹೇಳಿ ಮಾಡಿಸಿದ ಜೋಡಿ, ಏಕೆಂದರೆ ನೀರನ್ನು ಎಷ್ಟು ಕಡಿಮೆ ಕಾಯಿಸಬೇಕೋ ಅಷ್ಟು ಕಡಿಮೆ ವಿದ್ಯುತ್ ಅದಕ್ಕೆ ಸಾಕು. ನನ್ನ ಅಭಿಪ್ರಾಯದಲ್ಲಿ ಇವತ್ತು ಫ್ಲೋರ್ ಹೀಟಿಂಗ್ ಪರವಾಗಿ ಇರುವ ಅತಿ ಗಟ್ಟಿ ವಾದ ಇದೇ. ಶೇಕಡಾ ಇಷ್ಟು ಉಳಿತಾಯ ಖಚಿತ ಎಂದು ಕರಪತ್ರಗಳಲ್ಲಿ ಬರುವ ಅಂಕಿಗಳನ್ನು ನಂಬಬೇಡಿ. ಉಳಿತಾಯವನ್ನು ನಿರ್ಧರಿಸುವುದು ನಿಮ್ಮ ಗೋಡೆ, ಕಿಟಕಿಗಳು.

ತೆಳು ಕೇಬಲ್‌ಗಳ ವಿದ್ಯುತ್ ಚಾಪೆ ಚದರ ಮೀಟರಿಗೆ 100ರಿಂದ 200 ವ್ಯಾಟ್ ಕೊಡುತ್ತದೆ. ಹಾಕಿಸುವ ಖರ್ಚು ಕಡಿಮೆ, ಬಳಸುವ ಖರ್ಚು ಹೆಚ್ಚು. ಬಚ್ಚಲುಮನೆಯ 3 ಚದರ ಮೀಟರ್ ನೆಲವನ್ನು ಬೆಳಿಗ್ಗೆ ಒಂದೆರಡು ಗಂಟೆ ಬೆಚ್ಚಗಿಡಲು ಒಳ್ಳೆಯದು, ಇಡೀ ಮನೆಗೆ ಬೇಡ. ಅದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನೇ ಜೋಡಿಸಬೇಕು. ವಿದ್ಯುತ್ ಸೋರಿದ ಕ್ಷಣವೇ ಸಂಪರ್ಕ ಕಡಿಯುವ ಆರ್‌ಸಿಡಿ ಸಾಧನ ಕಡ್ಡಾಯ.

ಹಂತ 3: ನೆಲಹಾಸನ್ನು ಈಗಲೇ ಆರಿಸಿ

ಟೈಲ್ಸ್ ಮತ್ತು ಕಲ್ಲು ಎಲ್ಲಕ್ಕಿಂತ ಒಳ್ಳೆಯವು. ಶಾಖ ಸಲೀಸಾಗಿ ಹಾಯುತ್ತದೆ. ಮರ ಬೇಕಿದ್ದರೆ ಪದರಗಳನ್ನು ಅಂಟಿಸಿ ಮಾಡಿದ ಎಂಜಿನಿಯರ್ಡ್ ಹಲಗೆಯನ್ನು ಆರಿಸಿ, ಮೇಲ್ಮೈ 27 ಡಿಗ್ರಿ ದಾಟದಂತೆ ನೋಡಿಕೊಳ್ಳಿ; ದಪ್ಪನೆಯ ಇಡಿ ಮರ ಸೊಟ್ಟಗಾಗುತ್ತದೆ, ಸಂದು ಬಿಡುತ್ತದೆ. ದಪ್ಪ ಕಾರ್ಪೆಟ್ ಹಾಕುವುದಾದರೆ ಫ್ಲೋರ್ ಹೀಟಿಂಗ್ ಹಾಕಿಸುವುದೇ ವ್ಯರ್ಥ. ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಟ್ಟವರು, ಲೆಕ್ಕವನ್ನೆಲ್ಲ ಟೈಲ್ಸ್‌ಗೆ ಮಾಡಿಸಿ ಆಮೇಲೆ ಕಾರ್ಪೆಟ್ ಹಾಸಿ ಚಳಿಯಲ್ಲಿ ಕೂರುತ್ತಾರೆ.

ಹಂತ 4: ಅಡಿಪದರ ಮತ್ತು ಕೊಳವೆ

ಕೊಳವೆಯ ಕೆಳಗೆ ಉಷ್ಣನಿರೋಧಕ ಹಲಗೆ ಇರಲೇಬೇಕು, ಇಲ್ಲದಿದ್ದರೆ ನೀವು ಕಾಯಿಸುವುದು ಭೂಮಿಯನ್ನು. ಗೋಡೆಯ ಉದ್ದಕ್ಕೂ ಮೆತ್ತನೆಯ ಅಂಚುಪಟ್ಟಿ ಅಂಟಿಸಬೇಕು. ನೆಲ ಬಿಸಿಯಾಗಿ ಹಿಗ್ಗಿದಾಗ ಗೋಡೆಗೆ ಒತ್ತಿ ಬಿರುಕು ಬಿಡದಂತೆ ಅದು ಕಾಯುತ್ತದೆ.

ಮನೆಗಳಲ್ಲಿ ಹೆಚ್ಚಾಗಿ 16 ಮಿಲಿಮೀಟರ್ ಕೊಳವೆ ಬಳಸುತ್ತಾರೆ. ಎರಡು ಸಾಲುಗಳ ಅಂತರ 150 ಮಿಲಿಮೀಟರ್ ಇಟ್ಟರೆ ಚದರ ಮೀಟರಿಗೆ ಸುಮಾರು 6.7 ಮೀಟರ್ ಕೊಳವೆ ಹಿಡಿಯುತ್ತದೆ. ಒಂದು ಸುತ್ತು 100 ಮೀಟರ್ ಮೀರಬಾರದು. ಮೀರಿದರೆ ನೀರು ತುದಿ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ, ಪಂಪಿಗೂ ಭಾರ. ಅಂದರೆ ಒಂದು ಸುತ್ತಿಗೆ ಸುಮಾರು 15 ಚದರ ಮೀಟರ್. ಎಲ್ಲ ಸುತ್ತುಗಳೂ ಬಂದು ಸೇರುವ, ಕವಾಟಗಳಿರುವ ಪೆಟ್ಟಿಗೆಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದು ಕೈಗೆ ಸಿಗುವ ಜಾಗದಲ್ಲಿರಲಿ.

ಇಲ್ಲಿ ಎರಡು ಎಚ್ಚರಿಕೆ. ಕೊಳವೆ ಆಮ್ಲಜನಕ ತಡೆಯುವ ಪದರ ಉಳ್ಳದ್ದೇ ಆಗಿರಬೇಕು. ಸಾದಾ ಪ್ಲಾಸ್ಟಿಕ್ಕಿನ ಮೂಲಕ ಆಮ್ಲಜನಕ ನುಸುಳಿ ನೀರಿಗೆ ಸೇರುತ್ತದೆ, ನೀರು ಕಾಯಿಸುವ ಬಾಯ್ಲರಿನ ಕಬ್ಬಿಣದ ಭಾಗಗಳು ತುಕ್ಕು ಹಿಡಿದು ಆ ಕೆಸರು ಕೊಳವೆಗಳನ್ನೇ ಕಟ್ಟಿಸುತ್ತದೆ. ಎರಡನೆಯದಾಗಿ, ನೆಲದೊಳಗೆ ಹೂತುಹೋಗುವ ಯಾವ ಜೋಡಣೆಗೂ ಒಪ್ಪಬೇಡಿ. ಸುರುಳಿಯಲ್ಲಿ ಉಳಿದ ತುಂಡುಗಳನ್ನು ಸೇರಿಸಿ ಮುಗಿಸಲು ನೋಡುವ ಗುತ್ತಿಗೆದಾರರಿದ್ದಾರೆ; ಲೆವಿಟೌನ್ ನೆನಪಿಟ್ಟುಕೊಂಡು ಬೇಡವೆನ್ನಿ.

ಹಂತ 5: ಮುಚ್ಚುವ ಮುನ್ನ ಒತ್ತಡ ಪರೀಕ್ಷೆ ಮತ್ತು ಫೋಟೋ

ಕೊಳವೆಗೆ ನೀರು ತುಂಬಿ ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕು, ಮೇಲೆ ಗಾರೆ ಸುರಿಯುವಾಗಲೂ ಒತ್ತಡ ಉಳಿಸಿಕೊಳ್ಳಬೇಕು. ಆಗ ಯಾರಾದರೂ ಕೊಳವೆ ತುಳಿದೋ ಗುದ್ದಲಿ ತಾಕಿಸಿಯೋ ತೂತು ಮಾಡಿದರೆ ಮೀಟರಿನ ಮುಳ್ಳು ಅಲ್ಲೇ ಇಳಿದು ತಿಳಿಸುತ್ತದೆ. ಪರೀಕ್ಷೆಯ ವರದಿಯನ್ನು ಸಹಿಯೊಂದಿಗೆ ಪಡೆಯಿರಿ.

ಅದೇ ದಿನ ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಕೊಳವೆಯ ಪಕ್ಕದಲ್ಲಿ ಅಳತೆಯ ಟೇಪ್ ಬಿಚ್ಚಿಟ್ಟು, ಗೋಡೆಯಿಂದ ಎಷ್ಟು ದೂರವಿದೆಯೆಂದು ಚಿತ್ರದಲ್ಲಿ ಕಾಣುವಂತೆ ತೆಗೆಯಿರಿ. ಹತ್ತು ವರ್ಷದ ನಂತರ ಬಾಗಿಲು ತಡೆಗೋ ಕಮೋಡಿಗೋ ನೆಲದಲ್ಲಿ ಡ್ರಿಲ್ ಮಾಡುವಾಗ ಈ ಚಿತ್ರಗಳೇ ಗತಿ.

ಹಂತ 6: ಗಾರೆ ಒಣಗಲು ಬಿಡಿ, ಅವಸರ ಬೇಡ

ಕೊಳವೆಯ ಮೇಲೆ ಹಾಕುವ ಗಾರೆಯ ಪದರಕ್ಕೆ ಸ್ಕ್ರೀಡ್ ಎನ್ನುತ್ತಾರೆ. ಸಿಮೆಂಟಿನದಾದರೆ ಕನಿಷ್ಠ 21 ದಿನ, ಕ್ಯಾಲ್ಸಿಯಂ ಸಲ್ಫೇಟಿನದಾದರೆ ಕನಿಷ್ಠ 7 ದಿನ ಕಾಯದೆ ಬಿಸಿನೀರು ಬಿಡಬಾರದು. ಆಮೇಲೂ ಮೊದಲ 3 ದಿನ 25 ಡಿಗ್ರಿಯಷ್ಟೇ ನೀರು ಹರಿಸಿ, ನಂತರ ವಿನ್ಯಾಸದ ಗರಿಷ್ಠ ಮಟ್ಟಕ್ಕೆ ಏರಿಸಿ 4 ದಿನ ಇಡಬೇಕು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹೀಟಿಂಗ್ ಹಚ್ಚಿ ಒಣಗಿಸುವ ಆಸೆ ಸಹಜ. ಮುಹೂರ್ತವನ್ನು ಮುಂದೂಡುವುದೇ ಮೇಲು. ಬಿರುಕು ಬಿಟ್ಟ ಸ್ಕ್ರೀಡ್ ಮೇಲೆ ಟೈಲ್ಸ್ ಕೂಡ ಬಿರುಕು ಬಿಡುತ್ತವೆ. ನೆಲಹಾಸು ಹಾಕುವ ಮುನ್ನ ಸ್ಕ್ರೀಡಿನ ತೇವಾಂಶವನ್ನು ಅಳೆಸಿ.

ಹಂತ 7: ಸುತ್ತುಗಳ ಸಮತೋಲನ

ನೀರು ಸುಲಭದ ದಾರಿ ಹಿಡಿಯುತ್ತದೆ. ಚಿಕ್ಕ ಸುತ್ತಿಗೆ ಹೆಚ್ಚು, ಉದ್ದನೆಯದಕ್ಕೆ ಕಡಿಮೆ ಹೋಗುತ್ತದೆ. ಮ್ಯಾನಿಫೋಲ್ಡ್‌ನ ಮೇಲಿರುವ ಗಾಜಿನ ಸಣ್ಣ ಮಾಪಕಗಳಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂದು ನೋಡಿ ಪ್ರತಿ ಸುತ್ತಿನ ಕವಾಟವನ್ನು ಹೊಂದಿಸಬೇಕು. ಇದೇ ಸಮತೋಲನ. ಒಂದು ಕೋಣೆ ಕುಲುಮೆಯಾಗಿ ಪಕ್ಕದ ಕೋಣೆ ತಣ್ಣಗಿದೆ ಎಂಬ ದೂರುಗಳಿಗೆ ಹೆಚ್ಚಿನ ಸಲ ಕಾರಣ ಈ ಕೆಲಸ ಆಗದಿರುವುದೇ. ನೆಲ ಅಗೆಯಿಸುವ ಮಾತಿಗೆ ಮುನ್ನ ಇದನ್ನು ಮಾಡಿಸಿ.

ಹಂತ 8: ಅದರೊಡನೆ ಬಾಳುವ ಬಗೆ

ದಪ್ಪ ಗಾರೆಯ ನೆಲ ಬಿಸಿಯಾಗಲು ಗಂಟೆಗಳು ಬೇಕು, ಆರಲೂ ಗಂಟೆಗಳು ಬೇಕು. ಕೆಲಸಕ್ಕೆ ಹೋಗುವಾಗ ಆರಿಸಿ, ಬಂದಮೇಲೆ ಹಚ್ಚುವ ರೂಢಿ ಇಲ್ಲಿ ನಡೆಯದು. ಚಳಿಗಾಲ ಪೂರ್ತಿ ಒಂದೇ ಮಟ್ಟದಲ್ಲಿ ಇಡಿ. ಬದಲಿಸಬೇಕಿದ್ದರೆ ಒಂದು ಡಿಗ್ರಿ ಬದಲಿಸಿ ಮರುದಿನದವರೆಗೆ ಕಾಯಿರಿ. ನೆಲ ಮುಟ್ಟಿದರೆ ಸುಡುವ ಬಿಸಿ ತಗಲಬೇಕೆಂದೂ ನಿರೀಕ್ಷಿಸಬೇಡಿ. 24–25 ಡಿಗ್ರಿಯ ನೆಲ ನಿಮ್ಮ ಅಂಗಾಲಿಗಿಂತ ತಣ್ಣಗಿರುವುದರಿಂದ, ಬರಿಗಾಲಿಗೆ ಅದು ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ನೆಲವೆಂದೇ ತೋರುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ನಮ್ಮ ಮನೆಗಳ ರೂಢಿಗೆ ಸಂಬಂಧಿಸಿದ ಕೆಲವು ಮಾತು. ಒಗ್ಗರಣೆಯ ಘಾಟಿಗೆ ಕಿಟಕಿ ತೆರೆದರೆ ಬಿಸಿಗಾಳಿ ಹೊರಗೆ ಹೋದರೂ ನೆಲ, ಗೋಡೆಗಳ ಬಿಸಿ ಉಳಿದಿರುವುದರಿಂದ ಕೋಣೆ ಬೇಗ ಚೇತರಿಸಿಕೊಳ್ಳುತ್ತದೆ. ಐದು ನಿಮಿಷ ಪೂರ್ತಿ ತೆರೆದು ಮುಚ್ಚುವುದು ದಿನವಿಡೀ ಸಂದು ಬಿಡುವುದಕ್ಕಿಂತ ಒಳ್ಳೆಯದು. ಇಡ್ಲಿ ಹಿಟ್ಟಿನ ಪಾತ್ರೆಯನ್ನು ನೆಲದ ಮೇಲಿಟ್ಟರೆ ಜನವರಿಯಲ್ಲೂ ಉಬ್ಬಿ ಬರುತ್ತದೆ. ಅಕ್ಕಿ ಮೂಟೆ, ಎಣ್ಣೆ ಡಬ್ಬಿಗಳನ್ನು ಮಾತ್ರ ಅಲ್ಲಿಡಬೇಡಿ. ಎಣ್ಣೆ ಬೇಗ ಕಮಟುತ್ತದೆ. ಊರಿನಿಂದ ಬಂದ ನೆಂಟರಿಗೆಂದು ದಪ್ಪ ಹಾಸಿಗೆಯನ್ನು ನೆಲಕ್ಕೇ ಹಾಸುವುದು ನೀರಿನ ವ್ಯವಸ್ಥೆಯಲ್ಲಿ ಶಾಖವನ್ನು ತಡೆಯುತ್ತದೆ ಅಷ್ಟೆ, ಆದರೆ ವಿದ್ಯುತ್ ಚಾಪೆಯ ಮೇಲೆ ಅದು ಅಪಾಯಕಾರಿ. ಹೊರಬರಲಾರದ ಶಾಖ ಅಲ್ಲೇ ಕೂಡಿ ಕೇಬಲ್ ಕೆಡಬಹುದು, ನೆಲಹಾಸು ಸುಡಬಹುದು. ಅಂಥ ಕೋಣೆಯಲ್ಲಿ ಹಾಸಿಗೆಗೆ ಕಾಲುಳ್ಳ ಮಂಚವೇ ಇರಲಿ.

ಈಗಾಗಲೇ ಫ್ಲೋರ್ ಹೀಟಿಂಗ್ ಇರುವ ಮನೆ ಕೊಳ್ಳುವವರಿಗೆ

ಅಳವಡಿಸಿದ ವರ್ಷ, ಕೊಳವೆಯ ಬಗೆ, ಒತ್ತಡ ಪರೀಕ್ಷೆಯ ವರದಿ, ಫೋಟೋಗಳನ್ನು ಮಾರುವವರಿಂದ ಕೇಳಿ. 1970–80ರ ದಶಕದ ಪ್ಲಾಸ್ಟಿಕ್ ಕೊಳವೆಯಾದರೆ ಆಮ್ಲಜನಕ ತಡೆಯುವ ಪದರ ಇಲ್ಲದಿರುವ ಸಾಧ್ಯತೆ ಹೆಚ್ಚು; ಮ್ಯಾನಿಫೋಲ್ಡ್‌ನಿಂದ ಒಂದು ಲೋಟ ನೀರು ಬಿಡಿಸಿ ನೋಡಿ. ಕಪ್ಪು ಕೆಸರು ಬಂದರೆ ಕೊಳವೆಗಳನ್ನು ತೊಳೆಸಬೇಕಾಗುತ್ತದೆ. ಹಳೆಯ ಸುತ್ತುಗಳ ನೀರನ್ನು ಬಾಯ್ಲರಿನ ನೀರಿನಿಂದ ಬೇರ್ಪಡಿಸುವ ಶಾಖವಿನಿಮಯಕವನ್ನೂ ಹಾಕಿಸಬೇಕಾಗಬಹುದು, ಆ ಖರ್ಚನ್ನು ಬೆಲೆಯ ಮಾತುಕತೆಯಲ್ಲಿ ಕಳೆಯಿರಿ. ಮನೆ ನೋಡಲು ಚಳಿಗಾಲದಲ್ಲೇ ಹೋಗಿ, ಹಿಂದಿನ ದಿನದಿಂದ ಹೀಟಿಂಗ್ ಹಚ್ಚಿಟ್ಟಿರಲು ಹೇಳಿ, ಥರ್ಮಲ್ ಕ್ಯಾಮೆರಾ ಇರುವ ಪರಿವೀಕ್ಷಕರನ್ನು ಕರೆದೊಯ್ಯಿರಿ. ಯಾವ ಸುತ್ತಿನಲ್ಲಿ ನೀರು ಹರಿಯುತ್ತಿಲ್ಲ ಎಂಬುದು ಕ್ಯಾಮೆರಾದ ಪರದೆಯ ಮೇಲೆ ಕಾಣುತ್ತದೆ.